ಓದುಗರ ಪ್ರಶ್ನೆ: ನಲವತ್ತು ದಾಟಿದವರ ಓಟ, ಭಾರ, ಬಿಡುವು

ಪ್ರಶ್ನೆ: ನನಗೆ 47. ಹತ್ತು ವರ್ಷ ಬಿಟ್ಟಿದ್ದ ಓಟವನ್ನು ಮೂರು ತಿಂಗಳ ಹಿಂದೆ ಮತ್ತೆ ಹಿಡಿದೆ. ವಾರಕ್ಕೆ ಐದು ದಿನ, ದಿನಕ್ಕೆ 5 ಕಿ.ಮೀ. ದಮ್ಮಿಗೇನೂ ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿಯ ಮೇಲಿನ ನರ ಬಿಗಿದು ನೋಯುತ್ತದೆ; ಸ್ವಲ್ಪ ನಡೆದರೆ ಸಡಿಲವಾಗುತ್ತದೆ. ಓಟ ಬಿಡಬೇಕೇ?

ಉತ್ತರ: ಓಟ ಬಿಡಬೇಡಿ, ದಿನ ಕಡಿಮೆ ಮಾಡಿ. ನೀವು ನರ ಎನ್ನುತ್ತಿರುವುದು ಬಹುತೇಕ ಅಕಿಲಿಸ್ ಸ್ನಾಯುರಜ್ಜು, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಹುರಿ. ಹೃದಯ, ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಪಳಗುತ್ತವೆ. ರಜ್ಜುವಿಗೆ ತಿಂಗಳುಗಳೇ ಬೇಕು. ಜೋರಾಗಿ ಓಡಿದ ಮೇಲೆ ಮೊದಲ 24ರಿಂದ 36 ಗಂಟೆ ಅದರಲ್ಲಿ ಕೊಲಾಜೆನ್ (ರಜ್ಜುವಿಗೆ ಗಟ್ಟಿತನ ಕೊಡುವ ಪ್ರೋಟೀನು) ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ದಿನ ಬಿಡದೆ ಓಡಿದರೆ ಕಟ್ಟುವ ಸರದಿ ಬರುವ ಮೊದಲೇ ಮತ್ತೆ ಪೆಟ್ಟು ಬೀಳುತ್ತದೆ. ದಮ್ಮು ಚೆನ್ನಾಗಿದೆ ಎಂಬುದೇ ಇಲ್ಲಿ ಮೋಸ ಮಾಡುವುದು!

ಸದ್ಯ ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಟ್ಟು, 3 ಕಿ.ಮೀ. ನಿಧಾನವಾಗಿ ಓಡಿ. ಏರು ಮತ್ತು ವೇಗದ ಓಟ ಬೇಡ. ಜೊತೆಗೆ ಈ ವ್ಯಾಯಾಮ ಮಾಡಿ: ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ನಿಂತು, ಎರಡೂ ಕಾಲಿನಿಂದ ಮೇಲೇಳಿ. ಭಾರವನ್ನು ನೋಯುವ ಕಾಲಿಗೆ ವರ್ಗಾಯಿಸಿ, ಮೂರು ಎಣಿಸುತ್ತಾ ಹಿಮ್ಮಡಿ ಇಳಿಸಿ. 15 ಸಲದಂತೆ ಮೂರು ಸುತ್ತು ಮಂಡಿ ನೇರವಿಟ್ಟು, ಮೂರು ಸುತ್ತು ತುಸು ಬಗ್ಗಿಸಿ. ದಿನಕ್ಕೆರಡು ಹೊತ್ತು, 12 ವಾರ. ರಜ್ಜು ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ನೋವಿದ್ದರೆ ಮೆಟ್ಟಿಲು ಬೇಡ, ಸಮನೆಲದಲ್ಲಿ ಮಾಡಿ: ಹಿಮ್ಮಡಿ ಕೆಳಗಿಳಿದಷ್ಟೂ ರಜ್ಜು ಮೂಳೆಗೆ ಒತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದೂ ಅಂಥವರಿಗೆ ಆಗಿಬರುವುದಿಲ್ಲ.

ಮಾಡುವಾಗ ಹತ್ತಕ್ಕೆ ಮೂರು-ನಾಲ್ಕರಷ್ಟು ನೋವಿದ್ದರೆ ಪರವಾಗಿಲ್ಲ. ಅಳತೆಗೋಲು ಮರುದಿನ ಬೆಳಗಿನ ಬಿಗಿತ: ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು. ಬಿಗಿತ ಇಳಿದ ಮೇಲೆ ಮೊದಲು ದೂರ ಹೆಚ್ಚಿಸಿ, ಆಮೇಲೆ ವೇಗ. ಎರಡನ್ನೂ ಒಂದೇ ವಾರ ಬೇಡ. ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್ ಅಥವಾ ಲೆವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ನುಂಗಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ಹೇಳಿ, ಅವು ರಜ್ಜುವನ್ನು ದುರ್ಬಲಗೊಳಿಸಬಲ್ಲವು. ಟಪ್ಪೆಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅಂದೇ ತೋರಿಸಿ.

ಪ್ರಶ್ನೆ: ವಯಸ್ಸು 52, ಮುಟ್ಟು ನಿಂತಿದೆ. ದಿನಾ 45 ನಿಮಿಷ ನಡೆಯುತ್ತೇನೆ. ಸಾಲದೇ?

ಉತ್ತರ: ಹೃದಯಕ್ಕೆ ಸಾಕು. ಸ್ನಾಯುವಿಗೆ, ಮೂಳೆಗೆ ಸಾಲದು. ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನು ಇಳಿದ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ವಾರಕ್ಕೆರಡು ದಿನ, ನಡುವೆ 48 ಗಂಟೆಯಾದರೂ ಬಿಟ್ಟು, ಭಾರ ಎತ್ತಿ: ಡಂಬೆಲ್ ಹಿಡಿದು ಕುರ್ಚಿಯಿಂದ ಏಳುವುದು-ಕೂರುವುದು, ಗೋಡೆ ಅಥವಾ ಮೇಜಿಗೆ ಕೈಯೂರಿ ಪುಷ್ ಅಪ್, ಡಂಬೆಲನ್ನು ಸೊಂಟದತ್ತ ಎಳೆಯುವುದು. 8ರಿಂದ 12 ಸಲದ ಮೂರು ಸುತ್ತು, ಸುತ್ತಿನ ನಡುವೆ ಎರಡು ನಿಮಿಷ. ಸುತ್ತು ಮುಗಿದಾಗ ಇನ್ನೆರಡೇ ಸಲ ಆಗುವಷ್ಟು ಶಕ್ತಿ ಉಳಿದಿರಬೇಕು. ಮೂರು ಸುತ್ತಿನಲ್ಲೂ 12 ಆದ ಮೇಲೆ ಭಾರ ಏರಿಸಿ. ಒಂದು ಕೆ.ಜಿ. ಡಂಬೆಲನ್ನೇ ವರ್ಷಗಟ್ಟಲೆ ಆಡಿಸುವವರಿಗೆ ಫಲ ಸಿಗದಿರುವುದು ಇದಕ್ಕೇ. ಮೂಳೆ ಸವೆತ ಈಗಾಗಲೇ ಗೊತ್ತಾಗಿದ್ದರೆ, ಬೆನ್ನು ಬಗ್ಗಿಸಿ ಭಾರ ಎತ್ತಬೇಡಿ.

ವಯಸ್ಸಾದಂತೆ ಅದೇ ಪ್ರೋಟೀನಿಗೆ ಸ್ನಾಯು ಕಡಿಮೆ ಓಗೊಡುತ್ತದೆ. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2 ಗ್ರಾಂ ಇರಲಿ. 60 ಕೆ.ಜಿ.ಯವರಿಗೆ 72 ಗ್ರಾಂ, ಮೂರು ಊಟಕ್ಕೆ ಹಂಚಿದರೆ ತಲಾ 24. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.

ಪ್ರಶ್ನೆ: ಭಾರ ಎತ್ತಿದ ಎರಡನೇ ದಿನ ಮೈಕೈ ನೋವು. ಐಸ್ ನೀರಿನ ಸ್ನಾನ, ನೋವಿನ ಮಾತ್ರೆ ಒಳ್ಳೆಯದೇ?

ಉತ್ತರ: ಎರಡೂ ರೂಢಿಯಾಗಬಾರದು. ಭಾರ ಎತ್ತಿದ ಕೂಡಲೇ ತಣ್ಣೀರಲ್ಲಿ ಕೂತರೆ ಸ್ನಾಯು ಬೆಳೆಯುವುದೇ ಕುಂಠಿತವಾಗುತ್ತದೆ. ಮೊದಲೇ ಮಾತ್ರೆ ನುಂಗಿದರೆ ಎಲ್ಲಿ ನಿಲ್ಲಿಸಬೇಕೆಂಬ ಸೂಚನೆ ಅಳಿಸಿಹೋಗುತ್ತದೆ. ಹೊಸ ವ್ಯಾಯಾಮದ ನೋವು 24ರಿಂದ 72 ಗಂಟೆಯೊಳಗೆ ತಾರಕಕ್ಕೇರಿ ತಾನೇ ಇಳಿಯುತ್ತದೆ; ಹಗುರ ನಡಿಗೆ, ಏಳೆಂಟು ಗಂಟೆ ನಿದ್ದೆ ಸಾಕು. ನೋವಿನ ಜೊತೆ ಸ್ನಾಯು ಊದಿ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.