ಕಾರ್ ಶೆಡ್ ಗಟರ್: ಇಳಿಜಾರು ಎಷ್ಟು, ಪೈಪ್ ಎಲ್ಲಿ?

ನಮಸ್ಕಾರ. ಮಡಗಾಂವಿನ ನಿಮ್ಮ ಮನೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಕಾರ್ ಶೆಡ್ಡಿಗೆ ಗಟರ್ (ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿ) ಇಳಿಜಾರು ಎಷ್ಟಿರಬೇಕು, ಪೈಪ್ ಎಲ್ಲಿಗೆ ಇಳಿಸಬೇಕು ಅಂತ ಕೇಳಿದ್ದೀರಿ, ಅಲ್ವಾ?

ಮೀಟರಿಗೆ 5 ಮಿ.ಮೀ. ಕೊಡಿ, ಒಟ್ಟು 40 ಮಿ.ಮೀ. ಶೀಟಿನ ಅಂಚನ್ನು ನಂಬಿ ಅಳೆಯಬೇಡಿ, ಅದೇ ಸೊಟ್ಟಗಿರುತ್ತದೆ. ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಪಾರದರ್ಶಕ ಪೈಪ್) ಎರಡೂ ತುದಿಗೆ ಒಂದೇ ಮಟ್ಟದ ಗುರುತು ಹಾಕಿ. ಪೈಪಿನ ಕಡೆ ಗುರುತಿನಿಂದ 40 ಮಿ.ಮೀ. ಕೆಳಗೆ ಮೊಳೆ ಹೊಡೆದು, ಇನ್ನೊಂದು ತುದಿಯ ಗುರುತಿನಿಂದ ಅಲ್ಲಿಗೆ ದಾರ ಬಿಗಿಯಾಗಿ ಎಳೆಯಿರಿ. ದಾರಕ್ಕೆ ತಾಗುವ ಹಾಗೆ ಎರಡೆರಡು ಅಡಿಗೆ ಗಟರ್ ಹಿಡಿಯುವ ಕ್ಲಾಂಪ್ ಕೂರಿಸಿ. ವಾಸ್ಕೋದ ನಮ್ಮ ಮನೆಯಲ್ಲಿ ಮೊದಲ ವರ್ಷ ಕಣ್ಣಂದಾಜಿನಲ್ಲಿ ಕೂರಿಸಿದ್ದರು. ನಡುವೆ ನೀರು ನಿಂತು ಸೊಳ್ಳೆ ಮರಿ ಆಡುತ್ತಿದ್ದವು.

ಗೋವಾ ಮಳೆ ನಿಮಗೆ ಗೊತ್ತೇ ಇದೆ. ಗಂಟೆಗೆ 100 ಮಿ.ಮೀ. ಸುರಿದರೆ ಈ ಮಾಡಿನಿಂದ 3,200 ಲೀಟರ್ ನೀರು ಬರುತ್ತದೆ. ಪೈಪ್ 110 ಮಿ.ಮೀ. ಇರಲಿ. ಸಣ್ಣದರಲ್ಲಿ ಮಾವಿನ ಎಲೆ ಬೇಗ ಸಿಕ್ಕಿಕೊಳ್ಳುತ್ತದೆ.

ಮನೆ ಗೋಡೆಯ ಕಡೆ ಮಾತ್ರ ಪೈಪ್ ಇಳಿಸಬೇಡಿ, ಪಾಯಕ್ಕೆ ನೀರು ಇಳಿಯುತ್ತದೆ. ಗೇಟಿನ ಕಡೆ ಚರಂಡಿ ಇದ್ದರೆ ಅದೇ ಒಳ್ಳೆಯ ಜಾಗ.

ಎಲ್ಲಾ ಮುಗಿದ ಮೇಲೆ ಎತ್ತರದ ತುದಿಯಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿ. ಎಲ್ಲಾದರೂ ನಿಂತರೆ ಆ ಕ್ಲಾಂಪನ್ನು ಆಗಲೇ ಸರಿಮಾಡಿಸಿ.