ಓದುಗರ ಪ್ರಶ್ನೆ: 24 ಬೈಟ್ ಕೇಳಿದರೆ 128 ಬೈಟ್ ಏಕೆ?

ಪ್ರಶ್ನೆ: ನಮ್ಮ ಡ್ರೈವರ್ 24 ಬೈಟ್‌ನ ಸುಮಾರು 2 ಲಕ್ಷ ಆಬ್ಜೆಕ್ಟ್‌ಗಳನ್ನು ಕೆಮ್ಯಾಲಾಕ್‌ನಿಂದ (ಕರ್ನಲ್‌ನೊಳಗೆ ಮೆಮೊರಿ ಕೊಡುವ ಫಂಕ್ಷನ್) ಪಡೆಯುತ್ತದೆ. ಲಿನಕ್ಸ್ 6.1. ಎಕ್ಸ್86 ಪಿಸಿಯಲ್ಲಿ ಇದಕ್ಕೆ 6.4 ಎಂಬಿ ಸಾಕು, 1 ಜಿಬಿಯ ಆರ್ಮ್64 ಬೋರ್ಡಿನಲ್ಲಿ 25.6 ಎಂಬಿ ಬೇಕಾಗುತ್ತದೆ. ಕೋಡ್ ಒಂದೇ. ಮೆಮೊರಿ ಸೋರುತ್ತಿದೆಯೇ?

ಉತ್ತರ: ಸೋರುತ್ತಿಲ್ಲ. ಎಕ್ಸ್86ರಲ್ಲಿ 24 ಬೈಟ್ ಕೇಳಿದರೆ 32ರ ಡಬ್ಬಿ ಸಿಗುತ್ತದೆ, ಆರ್ಮ್64ರ 6.1ರಲ್ಲಿ ಅತಿ ಚಿಕ್ಕ ಡಬ್ಬಿಯೇ 128. ಕಾರಣ ಡಿಎಂಎ, ಅಂದರೆ ಸಾಧನವು ಸಿಪಿಯುವನ್ನು ಬಿಟ್ಟು ನೇರವಾಗಿ ಮೆಮೊರಿಯನ್ನು ಓದಿ ಬರೆಯುವುದು. ಎಷ್ಟೋ ಆರ್ಮ್ ಬೋರ್ಡುಗಳಲ್ಲಿ ಸಾಧನವು ಮೆಮೊರಿಗೆ ಬರೆದದ್ದು ಸಿಪಿಯು ಕ್ಯಾಶ್‌ಗೆ ತಾನಾಗಿ ತಿಳಿಯುವುದಿಲ್ಲ. ಹಾಗಾಗಿ ಕರ್ನಲ್ ಆ ಕ್ಯಾಶ್ ಲೈನನ್ನು (ಕ್ಯಾಶ್ ಒಮ್ಮೆಗೆ ಹಿಡಿಯುವ ಬೈಟ್‌ಗಳ ಗುಂಪು) ಪೂರ್ತಿ ಬಿಸಾಡಿ ಮತ್ತೆ ಓದಿಸುತ್ತದೆ. ಅದೇ ಲೈನಿನಲ್ಲಿ ಪಕ್ಕದ ಆಬ್ಜೆಕ್ಟ್ ಇದ್ದರೆ, ಸಿಪಿಯು ಆಗಷ್ಟೇ ಅದಕ್ಕೆ ಬರೆದದ್ದೂ ಹೋಯಿತು. ಇಂಥ ದೋಷ ಯಾವಾಗಲೋ ಒಮ್ಮೆ, ಸಂಬಂಧವೇ ಇಲ್ಲದ ಕಡೆ ತಲೆ ಎತ್ತುತ್ತದೆ. ಹಿಡಿಯುವುದು ಬಹಳ ಕಷ್ಟ. ಥಂಡರ್‌ಎಕ್ಸ್‌ನಂಥ ಚಿಪ್‌ಗಳ ಕ್ಯಾಶ್ ಲೈನ್ 128 ಬೈಟ್. ಒಂದೇ ಕರ್ನಲ್ ಎಲ್ಲದರ ಮೇಲೂ ಓಡಬೇಕಾದ್ದರಿಂದ ಎಲ್ಲರಿಗೂ 128 ಆಯಿತು.

ಕರ್ನಲ್ ಬದಲಿಸಲಾಗದಿದ್ದರೆ, ಕೆಮೆಮ್_ಕ್ಯಾಶ್_ಕ್ರಿಯೇಟ್‌ನಿಂದ ಈ ಆಬ್ಜೆಕ್ಟಿಗೇ ಪ್ರತ್ಯೇಕ ಕ್ಯಾಶ್ (ಸಿಪಿಯು ಕ್ಯಾಶ್ ಅಲ್ಲ, ಒಂದೇ ಅಳತೆಯ ಆಬ್ಜೆಕ್ಟ್‌ಗಳ ಸಂಗ್ರಹ) ಮಾಡಿಕೊಳ್ಳಿ. ಅಲ್ಲಿ ಅಲೈನ್‌ಮೆಂಟ್ (ಆಬ್ಜೆಕ್ಟ್ ಶುರುವಾಗುವ ವಿಳಾಸ ಯಾವುದರ ಗುಣಕವಾಗಿರಬೇಕು ಎಂಬುದು) 8 ಬೈಟ್ ಮಾತ್ರ. 4 ಕೆಬಿ ಪುಟಕ್ಕೆ 170 ಆಬ್ಜೆಕ್ಟ್ ಹಿಡಿಸುತ್ತವೆ, ಒಟ್ಟು ಸುಮಾರು 4.8 ಎಂಬಿ: ಎಕ್ಸ್86ರ ಕೆಮ್ಯಾಲಾಕ್‌ಗಿಂತಲೂ ಕಡಿಮೆ. ಎಚ್‌ಡಬ್ಲ್ಯೂಕ್ಯಾಶ್_ಅಲೈನ್ ಫ್ಲ್ಯಾಗ್ ಹಾಕಬೇಡಿ, ಹಾಕಿದರೆ ಮತ್ತೆ 32 ಆಗುತ್ತದೆ. ಇಲ್ಲಿಂದ ಪಡೆದ ಮೆಮೊರಿಯನ್ನು ಮಾತ್ರ ಎಂದಿಗೂ ಡಿಎಂಎಗೆ ಕೊಡಬೇಡಿ. ಸ್ಲ್ಯಾಬ್‌ಇನ್ಫೊದಲ್ಲಿ (ಇಂಥ ಕ್ಯಾಶ್‌ಗಳ ಪಟ್ಟಿ) ನಿಮ್ಮ ಕ್ಯಾಶ್‌ನ ಹೆಸರು ಕಾಣದಿದ್ದರೆ ಗಾಬರಿ ಬೇಡ. ಅದೇ ಅಳತೆಯ ಇನ್ನೊಂದರ ಜೊತೆ ಸ್ಲಬ್ (ಕರ್ನಲ್‌ನ ಮೆಮೊರಿ ಹಂಚುವ ಭಾಗ) ಅದನ್ನು ಸೇರಿಸಿರುತ್ತದೆ. ಅಳೆಯುವಷ್ಟು ಹೊತ್ತಿಗೆ ಬೂಟ್ ಸಾಲಿನಲ್ಲಿ ಸ್ಲ್ಯಾಬ್_ನೋಮರ್ಜ್ ಕೊಡಿ.

ಬದಲಿಸಬಹುದಾದರೆ 6.5 ಅಥವಾ ನಂತರದ್ದಕ್ಕೆ ಹೋಗಿ. ಅಲ್ಲಿ ಆರ್ಮ್64ರ ಕನಿಷ್ಠ ಅಳತೆ 8 ಬೈಟ್‌ಗೆ ಇಳಿದಿದೆ. ಚಿಕ್ಕ ಬಫರ್ ಡಿಎಂಎಗೆ ಹೋದರೆ ಎಸ್‌ಡಬ್ಲ್ಯೂಐಒಟಿಎಲ್‌ಬಿ ಎಂಬ ಮಧ್ಯದ ಜಾಗಕ್ಕೆ ನಕಲಾಗುತ್ತದೆ. 1 ಜಿಬಿ ಬೋರ್ಡಿನಲ್ಲಿ ಇದಕ್ಕೆ ಸಾಮಾನ್ಯವಾಗಿ 1 ಎಂಬಿ ಮೀಸಲು. ಆ 1 ಎಂಬಿ ಉಳಿಸಲು ಹೋಗಿ ಬೂಟ್ ಸಾಲಿನಲ್ಲಿ ಎಸ್‌ಡಬ್ಲ್ಯೂಐಒಟಿಎಲ್‌ಬಿ=ನೋಫೋರ್ಸ್ ಎಂದು ಬರೆದರೆ ಕನಿಷ್ಠ ಅಳತೆ ಮತ್ತೆ ಕ್ಯಾಶ್ ಲೈನಿನಷ್ಟು, ಸಾಮಾನ್ಯವಾಗಿ 64, ಆಗುತ್ತದೆ. ಸ್ಲ್ಯಾಬ್‌ಇನ್ಫೊದಲ್ಲಿ ಕೆಮ್ಯಾಲಾಕ್-8 ಕಂಡರೆ ಎಲ್ಲ ಸರಿಯಿದೆ.

ಪ್ರಶ್ನೆ: 16 ಜಿಬಿಯ ಆರ್ಮ್64 ಸರ್ವರ್‌ಗೆ 64 ಕೆಬಿ ಪುಟದ ಕರ್ನಲ್ ಹಾಕಿದ ಮೇಲೆ ಮಿನ್_ಫ್ರೀ_ಕೆಬೈಟ್ಸ್ (ಕರ್ನಲ್ ಖಾಲಿ ಇಟ್ಟುಕೊಳ್ಳುವ ಕನಿಷ್ಠ ಮೆಮೊರಿ) 800 ಎಂಬಿ ಹತ್ತಿರ ಬಂದಿದೆ. ಎಕ್ಸ್86ರಲ್ಲಿ 67584 ಕೆಬಿ ಇತ್ತು.

ಉತ್ತರ: ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ (ದೊಡ್ಡ ಪುಟಗಳನ್ನು ತಾನಾಗಿ ಬಳಸುವ ಸೌಲಭ್ಯ) ಚಾಲೂ ಇದ್ದಾಗ ಕರ್ನಲ್ ಪ್ರತಿ ಜೋನ್‌ಗೆ (ಮೆಮೊರಿಯ ವಿಭಾಗ) 11 ಪುಟಬ್ಲಾಕ್ (ಪುಟಗಳ ಗುಂಪು) ಖಾಲಿ ಇಡಲು ಬಯಸುತ್ತದೆ. ಎಕ್ಸ್86ರ ಬ್ಲಾಕ್ 2 ಎಂಬಿ. 11 ಬ್ಲಾಕ್, 3 ಜೋನ್ ಎಂದರೆ 66 ಎಂಬಿ, ಅದೇ ನಿಮ್ಮ 67584. 64 ಕೆಬಿ ಪುಟದಲ್ಲಿ ಬ್ಲಾಕ್ 512 ಎಂಬಿ. ಲೆಕ್ಕ 5.5 ಜಿಬಿ ದಾಟುತ್ತದೆ, ಆದರೆ ಮೆಮೊರಿಯ 5% ಮೀರಬಾರದೆಂಬ ಮಿತಿ ಅದನ್ನು 800 ಎಂಬಿಗೆ ತಡೆದಿದೆ. ಹ್ಯೂಜ್‌ಪೇಜ್ ಬೇಡದಿದ್ದರೆ ಬೂಟ್ ಸಾಲಿನಲ್ಲಿ ಟ್ರಾನ್ಸ್‌ಪರೆಂಟ್_ಹ್ಯೂಜ್‌ಪೇಜ್=ನೆವರ್ ಕೊಡಿ; ಮೌಲ್ಯ 16 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಬರೀ ಸಿಸ್‌ಸಿಟಿಎಲ್‌ನಿಂದ (ಯಂತ್ರ ಓಡುತ್ತಿರುವಾಗಲೇ ಕರ್ನಲ್ ಮೌಲ್ಯ ಬದಲಿಸುವ ಆದೇಶ) ಇಳಿಸಿದರೆ, ಹ್ಯೂಜ್‌ಪೇಜ್ ಸೆಟ್ಟಿಂಗ್ ಮುಟ್ಟಿದಾಗ ಮತ್ತೆ ಏರಬಹುದು. ದೊಡ್ಡ ಡೇಟಾಬೇಸ್ ಓಡಿಸದ ಸರ್ವರ್‌ಗೆ 4 ಕೆಬಿ ಪುಟವೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮೆನುಕಾನ್ಫಿಗ್‌ನಲ್ಲಿ (ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಪಟ್ಟಿ) ಸ್ಲ್ಯಾಬ್ ಆಯ್ಕೆ ಮಾಯವಾಗಿದೆಯಲ್ಲ?

ಉತ್ತರ: ಮೆಮೊರಿ ಹಂಚುವ ಹಳೆಯ ಬಗೆಗಳಾದ ಸ್ಲಾಬ್ (SLOB) 6.4ರಲ್ಲಿ, ಸ್ಲ್ಯಾಬ್ (SLAB) 6.8ರಲ್ಲಿ ಹೋದವು. ಈಗ ಸ್ಲಬ್ ಒಂದೇ. 16 ಎಂಬಿಯಂಥ ಪುಟ್ಟ ಬೋರ್ಡಿಗೆ ಎಕ್ಸ್‌ಪರ್ಟ್ ಆಯ್ಕೆ ತೆರೆದು ಸ್ಲಬ್_ಟೈನಿ ಹಾಕಿ. ಹಲವು ಕೋರ್‌ಗಳ ದೊಡ್ಡ ಯಂತ್ರಕ್ಕೆ ಅದನ್ನು ಹಾಕಿದರೆ ವೇಗ ಕುಸಿಯುತ್ತದೆ.