ಮ್ಯಾಗ್ನೆಟ್‌ಗೆ ಅಂಟಿದ ಕಲ್ಲೆಲ್ಲ ಉಲ್ಕೆಯಲ್ಲ

ಪ್ರಶ್ನೆ: ಕಡಲೆಕಾಯಿ ಬಿತ್ತಲು ಹೊಲ ಉಳುವಾಗ ಒಂದು ಕಪ್ಪು ಕಲ್ಲು ಸಿಕ್ಕಿತು. ಒಂದೂವರೆ ಕೆ.ಜಿ. ಇದೆ. ಒಂದು ಮಗ್ಗುಲು ಗಾಜಿನ ಹಾಗೆ ಹೊಳೆಯುತ್ತೆ, ಮೈಯೆಲ್ಲ ಸಣ್ಣ ಸಣ್ಣ ತೂತು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಹಿಡಿದರೆ ಮೆಲ್ಲಗೆ ಅಂಟುತ್ತೆ. ಪರಿಚಯದವರೊಬ್ಬರು ‘ಇದು ಉಲ್ಕಾಶಿಲೆ, ಲಕ್ಷಗಟ್ಟಲೆ ಬೆಲೆ ಬಾಳುತ್ತೆ, ಪರೀಕ್ಷೆಗೆ ಐದು ಸಾವಿರ ಕೊಡಿ’ ಎನ್ನುತ್ತಿದ್ದಾರೆ. ಕೊಡಲೇ? ಫೋಟೊ ಇಟ್ಟಿದ್ದೇನೆ.
– ಒಬ್ಬ ರೈತ, ಮಧುಗಿರಿ ತಾಲ್ಲೂಕು

ಉತ್ತರ: ದುಡ್ಡು ಕೊಡಬೇಡಿ. ಫೋಟೊದಲ್ಲಿ ಆ ತೂತುಗಳನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಕಬ್ಬಿಣದ ಕಿಟ್ಟ, ಅಂದರೆ ಅದಿರು ಕಾಯಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸ.

ಉಲ್ಕೆ ಗಾಳಿಯಲ್ಲಿ ಉರಿಯುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಮೇಲಿನ ಸಿಪ್ಪೆ ಮಾತ್ರ ಕರಗುತ್ತೆ, ಅದೂ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ತೆಳು. ಒಳಗಿನ ಕಲ್ಲು ಇದ್ದ ಹಾಗೇ ಇರುತ್ತೆ. 2008ರ ಸೆಪ್ಟೆಂಬರ್‌ನಲ್ಲಿ ಹೊಸೂರಿನ ಹತ್ತಿರ ಸೂಳಗಿರಿಯಲ್ಲಿ ಉಲ್ಕೆಗಳು ಬಿದ್ದವು, ಒಟ್ಟು ನೂರು ಕೆ.ಜಿ.ಗೂ ಜಾಸ್ತಿ. ಹೊರಗೆ ಕಪ್ಪು ಸಿಪ್ಪೆ, ಒಡೆದರೆ ಒಳಗೆ ಬೂದಿ ಬಣ್ಣದ ಗಟ್ಟಿ ಕಲ್ಲು. ನಿಮ್ಮ ಕಲ್ಲಿನ ಹಾಗೆ ಮೈತುಂಬ ತೂತಾಗಬೇಕಾದರೆ ಅದು ಪೂರ್ತಿ ಕರಗಿ, ಗುಳ್ಳೆ ಎದ್ದು, ಆಮೇಲೆ ಆರಬೇಕು. ಅಂದರೆ ಕುಲುಮೆಯಲ್ಲಿ ಬೇಯಬೇಕು.

ಮ್ಯಾಗ್ನೆಟ್ ಯಾಕೆ ಅಂಟಿತು ಅಂತ ಕೇಳುತ್ತೀರಿ, ಅಲ್ವಾ? ಕಿಟ್ಟದಲ್ಲಿ ಕಬ್ಬಿಣ ಉಳಿದಿರುತ್ತೆ, ಅದಕ್ಕೆ. ಎಷ್ಟೋ ವರ್ಷದಿಂದ ಜನ ನನ್ನ ಬಳಿ ಇಂಥ ಕಲ್ಲು ತರುತ್ತಾರೆ. ಎಲ್ಲರ ಮೊದಲ ಮಾತೂ ಅದೇ, ‘ಸಾರ್, ಮ್ಯಾಗ್ನೆಟ್ ಹಿಡಿಯುತ್ತೆ.’ ಅದೊಂದನ್ನೇ ನಂಬಬೇಡಿ. ಒಡೆದ ಪಿಂಗಾಣಿ ಬಟ್ಟಲಿನ ತಳದಲ್ಲಿ, ಮೆರುಗಿಲ್ಲದ ಕಡೆ, ಕಲ್ಲನ್ನು ಒತ್ತಿ ಗೀರಿ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಬಿದ್ದರೆ ಮ್ಯಾಗ್ನೆಟೈಟ್. ಎರಡೂ ಕಬ್ಬಿಣದ ಅದಿರೇ. ಉಲ್ಕೆ ಹೆಚ್ಚಾಗಿ ಗೆರೆಯನ್ನೇ ಬಿಡುವುದಿಲ್ಲ. ಇನ್ನೊಂದು, ಒಂದು ಮೂಲೆಯನ್ನು ಅರದಿಂದ ಉಜ್ಜಿ. ತೂತೇ ಇಲ್ಲದ ಕಲ್ಲಿನಲ್ಲಿ ಬೆಳ್ಳಿಯಂಥ ಲೋಹದ ಚುಕ್ಕಿ ಕಂಡರೆ ಮಾತ್ರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕಚೇರಿಗೆ ತೋರಿಸಿ. ನಮ್ಮ ದೇಶದಲ್ಲಿ ಉಲ್ಕೆಗಳನ್ನು ಕಾಪಾಡುವವರು ಅವರೇ.

ಈಗ ನನಗೆ ಖುಷಿಯಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಧುಗಿರಿ ಸೀಮೆ ಕಬ್ಬಿಣ ಕಾಯಿಸಿದ ಸೀಮೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ನಾಡಿನ ಸಮೀಕ್ಷೆಗೆಂದು ಆ ಕಡೆ ಬಂದಾಗ ಜನ ಮಳೆಗಾಲದ ಹಳ್ಳಗಳು ಗುಡ್ಡದಿಂದ ತರುವ ಕರಿ ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಅವನು ಅದನ್ನು ಬರೆದಿಟ್ಟಿದ್ದಾನೆ. ನಿಮ್ಮ ಸ್ಪೀಕರ್ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಳ್ಳದ ಮರಳಿನಲ್ಲಿ ಆಡಿಸಿ ನೋಡಿ, ಕರಿ ಮರಳು ಮೀಸೆಯ ಹಾಗೆ ನಿಂತುಕೊಳ್ಳುತ್ತೆ. ಇದ್ದಿಲು ಹಾಕಿ, ತಿದಿ ಒತ್ತಿ, ಗಂಟೆಗಟ್ಟಲೆ ಬೆವರು ಸುರಿಸಿದವರು ಚೆಲ್ಲಿದ ಕಿಟ್ಟ ನಿಮ್ಮ ಕೈಗೆ ಸಿಕ್ಕಿದೆ. ಅದಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ. ನನಗಂತೂ ಅದು ಅಮೂಲ್ಯ.

ಸಿಕ್ಕ ಜಾಗವನ್ನು ಗುರುತು ಹಾಕಿಡಿ. ಬದುವಿನಲ್ಲಿ ಇನ್ನಷ್ಟು ಕಿಟ್ಟವಿದೆಯಾ, ಸುಟ್ಟ ಮಣ್ಣಿನ ಕೊಳವೆ ಚೂರುಗಳಿವೆಯಾ ನೋಡಿ. ತಿದಿಯ ಗಾಳಿ ಕುಲುಮೆಯೊಳಗೆ ಹೋಗುತ್ತಿದ್ದದ್ದು ಅಂಥ ಕೊಳವೆಯಲ್ಲೇ. ಒಂದು ಚೂರು ಸಿಕ್ಕರೂ ಅಲ್ಲೇ ಬಿಟ್ಟು ಫೋಟೊ ತೆಗೆದು ಕಳಿಸಿ.

ಪ್ರಶ್ನೆ: ಸಂಡೂರಿನ ಗುಡ್ಡದಲ್ಲಿ ತುಂಬ ಭಾರದ, ಉಕ್ಕಿನ ಬಣ್ಣದ ಕಲ್ಲು ಸಿಕ್ಕಿದೆ. ಮುಟ್ಟಿದರೆ ಕೈ ಕೆಂಪಾಗುತ್ತೆ. ಉಲ್ಕೆಯೇ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಕೈಗೆ ಹತ್ತಿದ ಆ ಕೆಂಪೇ ಉತ್ತರ ಹೇಳಿದೆಯಮ್ಮ. ಅದು ಹೆಮಟೈಟ್. ಸಂಡೂರಿನ ಗುಡ್ಡಗಳಿಂದ ಲಾರಿಗಳು ಹೊತ್ತೊಯ್ಯುವುದೂ ಅದನ್ನೇ.